ಮಳೆಯಾದವರು, ಸಿಡಿಲಾದವರು

ಧಾರವಾಡದ ರೈಲು ನಿಲ್ದಾಣದ ಸಮೀಪದಲ್ಲಿರುವ ಮಾಳಮಡ್ಡಿಯು ತನ್ನ ಗುಣವನ್ನು ಹೆಸರಿನಲ್ಲಿಯೇ ಹೇಳಿಕೊಳ್ಳುವ ಊರಭಾಗ. ಮಾಳವೆಂದರೆ ಎತ್ತರದ ಬಯಲು. ಮಡ್ಡಿಯೆಂದರೆ ನೀರು ನಿಲ್ಲದ ಗಟ್ಟಿ ನೆಲ. ಇಂತಹ ನೆಲದ ಮೇಲೆ ಮನೆ ಕಟ್ಟಿಕೊಂಡವರಿಗೆ ಆಕಾಶದ ಕಡೆಗೆ ಒಂದು ಕಣ್ಣು ಯಾವಾಗಲೂ ಇರತಕ್ಕದ್ದೇ. ಧಾರವಾಡದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಮಲೆನಾಡಿನ ಹಸಿರು ತೊಡಗುತ್ತದೆ. ಪೂರ್ವಕ್ಕೆ ಹೋದರೆ ನವಲಗುಂದ, ಅಣ್ಣಿಗೇರಿಗಳ ಎರೆಯ ಹೊಲಗಳು ಮಳೆಗಾಗಿ ಬಾಯಿ ಬಿಟ್ಟುಕೊಂಡು ನಿಂತಿರುತ್ತವೆ. ಊರು ಈ ಎರಡು ಸೀಮೆಗಳ ಹೊಸ್ತಿಲ ಮೇಲಿದೆ. ಮಳೆ ಇಲ್ಲಿ ಬಂದೇ ಬರುವ ಮನೆಯ ಮಗನಲ್ಲ, ಎಂದೂ ಬಾರದ ಪರದೇಶಿಯೂ ಅಲ್ಲ. ಕರೆದರೆ ಬಂದೀತು, ಮುನಿದರೆ ಹೋದೀತು ಎನ್ನುವಂತಹ ನಂಟ.

ಚೈತ್ರ ವೈಶಾಖದ ಒಂದು ಸಂಜೆಯನ್ನು ನೆನೆದುಕೊಳ್ಳೋಣ. ದಿನವೆಲ್ಲ ಕಾದ ಹಂಚಿನ ಮನೆಯ ಪಡಸಾಲೆಯಲ್ಲಿ ಹುಡುಗರು ಆಡುತ್ತಿದ್ದಾರೆ. ಪಡುವಣ ಮೂಲೆಯಲ್ಲಿ ಮೋಡ ಕಪ್ಪುಗಟ್ಟುತ್ತದೆ, ಧೂಳೆದ್ದು ಗಾಳಿ ಬೀಸುತ್ತದೆ, ಕಣ್ಣು ಕೋರೈಸುವಂತೆ ಮಿಂಚಿ ಸಿಡಿಲು ಬಡಿಯುತ್ತದೆ. ಹುಡುಗರು ಓಡಿಬಂದು ಅಜ್ಜಿಯ ಸೆರಗು ಹಿಡಿಯುತ್ತಾರೆ. ಅಜ್ಜಿ ಹೇಳುತ್ತಾಳೆ: “ಅರ್ಜುನಾ ಅನ್ರೋ, ಕಿರೀಟಿ ಅನ್ರೋ!” ಒಬ್ಬ ಹುಡುಗ ಕೇಳುತ್ತಾನೆ: “ಯಾಕಜ್ಜಿ?” ಆಕೆಯ ಉತ್ತರ ಸಿದ್ಧವಾಗಿದೆ: “ಸಿಡ್ಲು ಇಂದ್ರಂದು. ಅರ್ಜುನ ಅವನ ಮಗಾ. ಮಗನ ಹೆಸರು ಕೇಳಿದ್ರ ತಂದಿ ಕೈ ತಡೀತದ.”

ಈ ಮಾತನ್ನು ನಾವು ಬಾಲ್ಯದಲ್ಲಿ ಕೇಳಿ, ದೊಡ್ಡವರಾದ ಮೇಲೆ ನಕ್ಕು ಮರೆತಿರುತ್ತೇವೆ. ಆದರೆ ಇದರೊಳಗೆ ನಮ್ಮ ನಾಡಿನ ಕಥೆಗಳ ಒಂದು ದೊಡ್ಡ ತಿಳಿವಳಿಕೆ ಅಡಗಿದೆ. ಅಜ್ಜಿಯು ಸಿಡಿಲಿಗೆ ಹೆದರಿ ಕಿವಿ ಮುಚ್ಚಿಕೊಳ್ಳಲಿಲ್ಲ. ಅದಕ್ಕೆ ಸಂಬಂಧ ಹಚ್ಚಿದಳು. ಆಕಾಶದ ಆ ಉಗ್ರಶಕ್ತಿಯು ಯಾರದೋ ತಂದೆ ಎಂದ ಮೇಲೆ ಅದರೊಡನೆ ಮಾತನಾಡಬಹುದು, ಅದನ್ನು ಬೇಡಬಹುದು, ಬೇಕಾದರೆ ಅದರೊಡನೆ ಜಗಳವನ್ನೂ ಆಡಬಹುದು. ಮನುಷ್ಯರು ಮಳೆಯಾದ, ಸಿಡಿಲಾದ, ಕೆರೆಯ ನೀರಾದ, ಹೂವಿನ ಗಿಡವಾದ ಕಥೆಗಳೆಲ್ಲವೂ ಈ ಒಂದು ಬೇರಿನಿಂದಲೇ ಚಿಗುರಿದವು ಎಂಬುದನ್ನು ಇಂದು ತೋರಿಸಲು ಯತ್ನಿಸುತ್ತೇವೆ. ಸಂಬಂಧವಿದ್ದಲ್ಲಿ ಋಣವೂ ಇರುತ್ತದೆ. ಆ ಋಣದ ಲೆಕ್ಕವನ್ನು ಈ ಕಥೆಗಳು ಹೇಗೆ ಇಟ್ಟಿವೆಯೆಂಬುದೇ ನಮ್ಮ ವಿಷಯ.

ಮೊದಲು ಒಂದು ಮಾತು. ಸಿಡಿಲು ಎಂದರೇನು ಎಂಬುದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಮಿಂಚು ವಿದ್ಯುತ್ತೇ ಎಂಬುದು 1752ರ ಪ್ರಯೋಗಗಳಿಂದ ಸಿದ್ಧವಾಯಿತು. ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ನನ ಗಾಳಿಪಟದ ಕಥೆ ಆ ವರ್ಷದ್ದೇ. ಮಿಂಚು ಹರಿದ ಹಾದಿಯಲ್ಲಿ ಗಾಳಿಯು ಕ್ಷಣಮಾತ್ರದಲ್ಲಿ ಸುಮಾರು 30,000 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದು ಹಿಗ್ಗುತ್ತದೆ. ಆ ಹಿಗ್ಗಿನ ಅಪ್ಪಳಿಕೆಯೇ ಗುಡುಗು. ಬೆಳಕು ಒಡನೆಯೇ ಕಾಣುತ್ತದೆ, ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರಿನಂತೆ ಹಿಂದಿನಿಂದ ಬರುತ್ತದೆ. ಆದಕಾರಣ ಮಿಂಚು ಕಂಡಲಾಗಾಯಿತು ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರು ದೂರದಲ್ಲಿದೆಯೆಂದು ತಿಳಿಯುತ್ತದೆ. ಒಂಟಿ ಮರದ ಕೆಳಗೆ ನಿಲ್ಲಬಾರದು, ಬಯಲಿನಲ್ಲಿ ಇರಬಾರದು, ಗಟ್ಟಿ ಕಟ್ಟಡದೊಳಗೆ ಸೇರಿಕೊಳ್ಳಬೇಕು. ಮುಂಗಾರಿಗೆ ಮುಂಚಿನ ಗುಡುಗುಮಳೆಯಲ್ಲಿ ಇಂದಿಗೂ ವರ್ಷವರ್ಷವೂ ಹೊಲದಲ್ಲಿದ್ದ ರೈತರೂ ದನ ಕಾಯುವವರೂ ಪ್ರಾಣ ಕಳೆದುಕೊಳ್ಳುತ್ತಾರೆ. ಅರ್ಜುನನ ಹೆಸರು ಈ ಎಚ್ಚರಿಕೆಗೆ ಬದಲಾಗಲಾರದು. ಹಾಗೆಯೇ ಈ ಲೆಕ್ಕವು ಅಜ್ಜಿಯ ಮಾತಿಗೆ ಬದಲಾಗಲಾರದು. ಸಿಡಿಲು ಹೇಗೆ ಹುಟ್ಟುತ್ತದೆಂಬುದನ್ನು ಶಾಸ್ತ್ರ ಹೇಳುತ್ತದೆ. ಸಿಡಿಲಿನ ಕೆಳಗೆ ಬದುಕುವವರು ಅದನ್ನು ಏನೆಂದು ಕರೆಯಬೇಕೆಂಬುದನ್ನು ಕಥೆ ಹೇಳುತ್ತದೆ.

ಇಂದ್ರನ ಆ ಆಯುಧವಾದರೂ ಎಲ್ಲಿಂದ ಬಂತು? ಪುರಾಣವು ಹೇಳುವ ಉತ್ತರ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ವೃತ್ರನು ಲೋಕದ ನೀರನ್ನೆಲ್ಲ ತಡೆದು ನಿಂತಾಗ ಅವನನ್ನು ಕೊಲ್ಲಬಲ್ಲ ಆಯುಧ ದೇವತೆಗಳಲ್ಲಿರಲಿಲ್ಲ. ಅವರು ದಧೀಚಿ ಋಷಿಯ ಬಳಿಗೆ ಹೋಗಿ ಅವನ ಎಲುಬನ್ನು ಬೇಡಿದರು. ಋಷಿಯು ಪ್ರಾಣ ಬಿಟ್ಟು ಎಲುಬು ಕೊಟ್ಟನು, ಅದರಿಂದ ವಜ್ರವಾಯಿತು, ವಜ್ರದಿಂದ ವೃತ್ರನು ಸತ್ತು ನೀರು ಬಿಡುಗಡೆಯಾಯಿತು. ಎಂದರೆ, ಸಿಡಿಲೆಂಬುದು ಒಬ್ಬ ಮನುಷ್ಯನ ಎಲುಬು. ಮಳೆಗೆ ಮುಂಚೆ ಆಕಾಶದಲ್ಲಿ ಕೇಳುವ ಸದ್ದು ಕೊಟ್ಟುಹೋದವನೊಬ್ಬನ ಸದ್ದು. ನಮ್ಮ ಕಥೆಗಳಲ್ಲಿ ನೀರು ಪುಕ್ಕಟೆಯಾಗಿ ಬರುವುದಿಲ್ಲವೆಂಬುದಕ್ಕೆ ಇದು ಮೊದಲನೆಯ ಸಾಕ್ಷಿ.

ದಧೀಚಿಯು ತಾನಾಗಿ ಕೊಟ್ಟನು. ಎಲ್ಲರೂ ಹಾಗೆ ಕೊಟ್ಟವರಲ್ಲ. ಧಾರವಾಡದಿಂದ ಈಶಾನ್ಯಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡವಿದೆ. “ಉಧೋ ಉಧೋ” ಎನ್ನುತ್ತ ಹುಣ್ಣಿಮೆ ಹುಣ್ಣಿಮೆಗೆ ಅಲ್ಲಿಗೆ ಹೋಗುವ ಭಕ್ತರು ಹೇಳುವ ರೇಣುಕೆಯ ಕಥೆಯು ನೀರಿನ ಕಥೆಯೇ ಆಗಿದೆ. ಜಮದಗ್ನಿಯ ಹೆಂಡತಿ ರೇಣುಕೆಯು ದಿನವೂ ಹೊಳೆಗೆ ಹೋಗಿ, ಹಸಿ ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ, ನೀರು ಹೊತ್ತು ತರುವಳು. ಒಂದು ದಿನ ಹೊಳೆಯಲ್ಲಿ ಜಲಕ್ರೀಡೆಯಾಡುತ್ತಿದ್ದ ಗಂಧರ್ವನನ್ನು ಕಂಡು ಆಕೆಯ ಮನಸ್ಸು ಒಂದು ಗಳಿಗೆ ಅತ್ತಿತ್ತ ಹೋಯಿತು; ಮರಳು ಕೊಡವಾಗಲಿಲ್ಲ. ಬರಿಗೈಯಲ್ಲಿ ಬಂದ ಹೆಂಡತಿಯ ತಲೆ ಕಡಿಯಲು ಜಮದಗ್ನಿಯು ಮಕ್ಕಳಿಗೆ ಹೇಳಿದನು. ಪರಶುರಾಮನು ಕೊಡಲಿಯೆತ್ತಿದನು, ಆಮೇಲೆ ತಂದೆಯಿಂದ ವರ ಬೇಡಿ ತಾಯಿಯನ್ನು ಬದುಕಿಸಿಕೊಂಡನು. ಹೀಗೆ ಒಂದು ಕೊಡ ನೀರು ತಪ್ಪಿದ ಹೆಂಗಸು ಗುಡ್ಡದ ದೇವಿಯಾಗಿ ನಿಂತಳು.

ಈ ಕೊಡಲಿ ಬಹುದೂರ ಹೋಗಿದೆ. ಕಾಂಬೋಡಿಯ ದೇಶದ ಅರಮನೆಯ ನರ್ತನದಲ್ಲಿ ಮಣಿಮೇಖಲೆಯೆಂಬ ಸಮುದ್ರದೇವಿಯ ಕಥೆಯೊಂದುಂಟು. ಆಕೆಯ ಕೈಯಲ್ಲಿ ಹೊಳೆಯುವ ಸ್ಫಟಿಕದ ಮಣಿ. ಅದನ್ನು ಕಸಿಯಲು ಕೊಡಲಿ ಹಿಡಿದು ಬೆನ್ನಟ್ಟುವವನೊಬ್ಬ ದೈತ್ಯ. ದೇವಿಯು ಮಣಿ ತೂರಿದಾಗ ಮಿಂಚು, ದೈತ್ಯನು ಕೊಡಲಿ ಎಸೆದಾಗ ಗುಡುಗು, ಅವರಿಬ್ಬರ ಓಟದ ಹಿಂದೆಯೇ ಮಳೆ. ಮಳೆಯನ್ನು ಬೇಡುವ ವಿಧಿಯಾಗಿಯೇ ಅಲ್ಲಿ ಈ ನರ್ತನವನ್ನು ಮಾಡುತ್ತ ಬಂದಿದ್ದಾರೆ. ಇದೇ ಕಥೆ ಥಾಯ್ ದೇಶದಲ್ಲಿಯೂ ಇದೆ; ಅಲ್ಲಿ ಆ ದೈತ್ಯನ ಹೆಸರು ರಾಮಾಸುರ. ಕೊಡಲಿಯನ್ನೂ ಹೆಸರನ್ನೂ ಕೂಡಿಸಿ ನೋಡಿದ ವಿದ್ವಾಂಸರು ಅವನಲ್ಲಿ ನಮ್ಮ ಪರಶುರಾಮನ ನೆರಳನ್ನು ಕಂಡಿದ್ದಾರೆ. ಸವದತ್ತಿಯ ಗುಡ್ಡದಲ್ಲಿ ತಾಯಿಯ ಕೊರಳಿಗೆ ಎತ್ತಿದ ಕೊಡಲಿಯು ಕಡಲಾಚೆ ಗುಡುಗಾಯಿತೆಂದರೆ ಅದನ್ನು ಬರಿಯ ಚಮತ್ಕಾರವೆಂದು ಬಿಟ್ಟುಬಿಡಲಾಗದು. ಮಾಡಿದ ಕೃತ್ಯವು ಸುಮ್ಮನಾಗದೆ ಆಕಾಶದಲ್ಲಿ ಸದ್ದು ಮಾಡುತ್ತಲೇ ಇರುತ್ತದೆಂಬ ಅರಿವು ಜನರ ಮನಸ್ಸಿನಲ್ಲಿ ಎಲ್ಲೆಲ್ಲಿಯೂ ಒಂದೇ ಎಂದು ತೋರುತ್ತದೆ.

ಇನ್ನು ಪುರಾಣವನ್ನು ಬಿಟ್ಟು ಓಣಿಗೆ ಬರೋಣ. ಮೃಗಶಿರ, ಆರಿದ್ರೆಗಳು ಬರಿದಾಗಿ ಹೋಗಿ, ಬಿತ್ತಿದ ಬೀಜ ನೆಲದಲ್ಲಿಯೇ ಕಮರುವ ಕಾಲ ಬಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುರ್ಜಿಯನ್ನು ಆಡಿಸುತ್ತಾರೆ. ರೊಟ್ಟಿ ಸುಡುವ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನಿಟ್ಟು, ಗರಿಕೆ ಸಿಕ್ಕಿಸಿ, ಅದನ್ನು ಒಬ್ಬ ಹುಡುಗನ ತಲೆಯ ಮೇಲೆ ಹೊರಿಸುತ್ತಾರೆ. ಅವನು ಮನೆಮನೆಯ ಮುಂದೆ ಹೋಗಿ ನಿಲ್ಲುವನು. ಮನೆಯಾಕೆ ಕೊಡ ತಂದು ಅವನ ತಲೆಯ ಮೇಲೆ ನೀರು ಸುರಿಯುವಳು. ಅವನು ಗಿರ್ರನೆ ತಿರುಗುವನು. ನೀರು ಸುತ್ತಲೂ ಹನಿಹನಿಯಾಗಿ ಸಿಡಿಯುವುದು. ಜೊತೆಯವರು ಮಳೆರಾಯನನ್ನು ಕರೆಯುವ ಪದ ಹಾಡುವರು. ಕೂಡಿದ ಕಾಳುಕಡಿಯಿಂದ ಅಡಿಗೆ ಮಾಡಿ ಎಲ್ಲರೂ ಉಣ್ಣುವರು.

ಇಲ್ಲಿ ಯಾವ ಮಂತ್ರವೂ ಇಲ್ಲ, ಪುರೋಹಿತನೂ ಇಲ್ಲ. ಹುಡುಗನೊಬ್ಬನು ಕೆಲವು ಗಳಿಗೆಯ ಮಟ್ಟಿಗೆ ಮೋಡವಾಗುತ್ತಾನೆ, ಅಷ್ಟೆ. ಮಳೆ ಹೇಗೆ ಬರಬೇಕೆಂಬುದನ್ನು ಆಕಾಶಕ್ಕೆ ಮಾಡಿ ತೋರಿಸಿದಂತಾಯಿತು. ಆದರೆ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಗುರ್ಜಿ ಬರುವುದು ಬಾವಿ ಬತ್ತಿದ ದಿನಗಳಲ್ಲಿ. ಆ ಹೊತ್ತಿನಲ್ಲಿ ಮನೆಯಾಕೆ ಸುರಿಯುವ ಒಂದು ಕೊಡ ನೀರು ಆಕೆ ದೂರದಿಂದ ಹೊತ್ತು ತಂದ ನೀರು. ಇದ್ದುದರಲ್ಲಿ ಮೊದಲು ಕೊಟ್ಟು ಆಮೇಲೆ ಬೇಡುವುದು ನಮ್ಮವರ ಮರ್ಯಾದೆ. ಮಳೆಯು ಬಂದರೂ ಕೇಡಲ್ಲ, ಮಗ ಉಂಡರೂ ಕೇಡಲ್ಲ ಎಂಬ ಗಾದೆಯು ಮಳೆಯನ್ನೂ ಮಗನನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿರುವುದು ಸುಮ್ಮನೆಯಲ್ಲ.

ಭಾದ್ರಪದದಲ್ಲಿ ಬರುವ ಜೋಕುಮಾರನ ಕಥೆಯಲ್ಲಿ ಈ ಸಂಬಂಧಕ್ಕೆ ಕಣ್ಣೀರೂ ನಗೆಯೂ ಬೆರೆತಿವೆ. ಅಷ್ಟಮಿಯ ಹೊತ್ತಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ಈ ದೇವರ ಆಯುಷ್ಯವೆಲ್ಲ ಏಳು ದಿನ. ಅಂಬಿಗರ ಹೆಂಗಸರು ಜೇಡಿಮಣ್ಣಿನ ಜೋಕುಮಾರನನ್ನು ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕೂರಿಸಿ, ಬಾಯಿಗೆ ಬೆಣ್ಣೆ ಸವರಿ, ಮನೆಮನೆಗೆ ಹೊತ್ತು ತಂದು ಹಾಡುತ್ತಾರೆ. ಧಾರವಾಡದ ಓಣಿಗಳಿಗೂ ಈ ಬುಟ್ಟಿ ಬರುವುದುಂಟು. ಮನೆಯವರು ಜೋಳ ಹಾಕುತ್ತಾರೆ. ಅವರು ಮರಳಿ ಕೊಡುವ ನುಚ್ಚನ್ನೂ ಬೇವಿನೆಲೆಯನ್ನೂ ರೈತರು ಬೆಳೆಗೆ ಹುಳ ಬೀಳದಿರಲೆಂದು ಹೊಲದಲ್ಲಿ ಚೆಲ್ಲುತ್ತಾರೆ.

ಜನರು ಹೇಳುವ ಕಥೆ ಹೀಗಿದೆ. ಜೋಕುಮಾರನಿಗಿಂತ ಮೊದಲು ಭೂಮಿಗೆ ಬಂದವನು ಗಣಪತಿ. ಅವನು ಚೌತಿಯ ಕಡಬು ತಿಂದು ಹೊಟ್ಟೆ ತುಂಬಿಸಿಕೊಂಡು ಕೈಲಾಸಕ್ಕೆ ಹೋಗಿ, ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆಂದು ಶಿವನಿಗೆ ವರದಿ ಒಪ್ಪಿಸಿದನು. ಹಿಂದೆ ಬಂದ ಜೋಕುಮಾರನು ಬಿರಿದ ನೆಲವನ್ನೂ ಬಾಡಿದ ಪೈರನ್ನೂ ಕಂಡನು. ಆದರೆ ಅವನು ಸಾಧುವಲ್ಲ. ಓಣಿಯ ಹೆಂಗಸರ ಮೇಲೆ ಕಣ್ಣು ಹಾಕಿದ ತುಂಟ. ಕೊನೆಗೆ ಅಗಸರ ಹೆಣ್ಣುಮಗಳ ಬೆನ್ನು ಹತ್ತಿ, ಅಗಸರ ಕೈಯಿಂದ ಹೊಳೆಯ ದಂಡೆಯಲ್ಲಿ ಹತನಾದನು. ಸತ್ತು ಮೇಲಕ್ಕೆ ಹೋಗಿ ಶಿವನ ಮುಂದೆ ಇದ್ದುದನ್ನು ಇದ್ದ ಹಾಗೆ ಹೇಳಿದನು. ಆಮೇಲೆ ಮಳೆಯಾಯಿತು. ಹುಣ್ಣಿಮೆಯ ರಾತ್ರಿ ಬುಟ್ಟಿಯ ಜೋಕುಮಾರನು ಅಗಸರ ಒಗೆಯುವ ಕಲ್ಲಿನ ಬಳಿಯಲ್ಲಿ ಮಣ್ಣು ಸೇರುತ್ತಾನೆ. ಹಲವೆಡೆ ಅಗಸರು ಮೂರು ದಿನ ಆ ಕಲ್ಲಿನ ಮೇಲೆ ಬಟ್ಟೆ ಸೆಳೆಯುವುದಿಲ್ಲ.

ಈ ಕಥೆಯಲ್ಲಿ ಎಷ್ಟು ಧೈರ್ಯವಿದೆಯೆಂಬುದನ್ನು ನೋಡಬೇಕು. ಉಂಡವನ ವರದಿಯನ್ನು ನಂಬಬೇಡಿರಿ, ನೊಂದವರ ನಡುವೆ ಸತ್ತವನ ವರದಿಯನ್ನು ಕೇಳಿರಿ ಎಂದು ಜನಪದವು ದೇವರ ಆಸ್ಥಾನಕ್ಕೇ ಬುದ್ಧಿ ಹೇಳುತ್ತಿದೆ. ಮಳೆಯಾಗಿ ಬರುವವನು ಪುಣ್ಯಪುರುಷನೇ ಆಗಬೇಕೆಂದಿಲ್ಲ. ತಪ್ಪು ಮಾಡಿ ಪೆಟ್ಟು ತಿಂದವನೂ ಆಗಬಹುದು. ಮೇಲಾಗಿ ಕಥೆಯ ಕಾಲವೂ ಕೃಷಿಯ ಲೆಕ್ಕಕ್ಕೆ ಸರಿಯಾಗಿ ಕೂಡಿದೆ. ಎರೆಯ ಸೀಮೆಯಲ್ಲಿ ಹಿಂಗಾರಿನ ಬಿಳಿಜೋಳ, ಕಡಲೆಗಳ ಬಿತ್ತಿಗೆ ಭಾದ್ರಪದದ ಕೊನೆಯಿಂದ ಆಶ್ವೀಜದವರೆಗಿನ ಮಳೆಯೇ ಆಧಾರ. ಆ ಮಳೆ ತಪ್ಪಿದರೆ ವರ್ಷದ ರೊಟ್ಟಿಯೇ ತಪ್ಪಿತು. ಜೋಕುಮಾರನು ಸಾಯುವುದು ಆ ಮಳೆಯ ಹೊಸ್ತಿಲಲ್ಲಿ. ಇದೇ ಹೆಸರಿನ ನಾಟಕವನ್ನು ಚಂದ್ರಶೇಖರ ಕಂಬಾರರು 1972ರಲ್ಲಿ ಬರೆದು ಈ ಏಳು ದಿನದ ದೇವರನ್ನು ನಗರದ ರಂಗಭೂಮಿಗೂ ತಂದರು. ಅಲ್ಲಿ ಪ್ರಶ್ನೆಯು ಮಳೆಯಿಂದ ಮುಂದೆ ಸಾಗಿ, ನೆಲ ಯಾರದು, ಉಳುವವನದೋ ಗೌಡನದೋ ಎಂಬಲ್ಲಿಗೆ ಬಂದು ನಿಂತಿತು. ಬೀಜವು ಹಳೆಯ ಕಥೆಯಲ್ಲಿಯೇ ಇತ್ತು.

ಈಗ ಈ ಲೆಕ್ಕದಲ್ಲಿ ಅತ್ಯಂತ ಭಾರವಾದ ಸಾಲಿಗೆ ಬರುತ್ತೇವೆ. ‘ಕೆರೆಗೆ ಹಾರ’ ಎಂಬ ಕಥನಗೀತವನ್ನು ಕನ್ನಡಿಗರಲ್ಲಿ ಕೇಳದವರು ಕಡಿಮೆ. ಕಲ್ಲನಕೆರೆಯ ಮಲ್ಲನಗೌಡನು ಕೆರೆ ಕಟ್ಟಿಸಿದನು. ಹನಿ ನೀರೂ ಬೀಳಲಿಲ್ಲ. ಜೋಯಿಸರನ್ನು ಕೇಳಿದರೆ ಸೊಸೆಯನ್ನು ಹಾರ ಕೊಡಬೇಕೆಂದರು. ಹಿರಿಯ ಸೊಸೆಯರನ್ನು ಕೊಟ್ಟರೆ ಮನೆ ನಡೆಯುವುದು ಹೇಗೆಂದು ಯೋಚಿಸಿ, ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದರು. ಆಕೆಯ ಗಂಡ ಮಾದೇವರಾಯ ದಂಡಿಗೆ ಹೋಗಿದ್ದನು. ಆಕೆ ತವರಿಗೆ ಹೋಗಿ ಬಂದಳು. ತಂದೆತಾಯಿಗಳ ಮುಂದೆ ಒಡೆದು ಹೇಳಲಿಲ್ಲ, ಹೇಳಿಕೊಂಡದ್ದು ಗೆಳತಿಯ ಮುಂದೆ ಮಾತ್ರ. ಮನೆಮಂದಿಯೆಲ್ಲ ಕೆರೆಗೆ ಹೋಗಿ ಗಂಗೆಯ ಪೂಜೆ ಮಾಡಿ, ಉಂಡು, ಹೊರಟರು. ಬಂಗಾರದ ಬಟ್ಟಲನ್ನು ಬೇಕೆಂದೇ ಮರೆತರು. ಅದನ್ನು ತರಲು ಕಿರಿಯವಳೇ ಹೋಗಬೇಕಾಯಿತು. ಆಕೆ ಒಂದೊಂದು ಮೆಟ್ಟಲು ಏರಿದಂತೆ ನೀರೂ ಒಂದೊಂದು ಅಳತೆ ಏರಿತು. ಪಾದ, ಮೊಣಕಾಲು, ನಡು, ಎದೆ. ಕೆರೆ ತುಂಬಿತು. ಭಾಗೀರಥಿ ಇರಲಿಲ್ಲ.

ಆಕೆಯ ಹೆಸರನ್ನು ಒಮ್ಮೆ ನಿಧಾನವಾಗಿ ಹೇಳಿಕೊಂಡು ನೋಡೋಣ. ಭಾಗೀರಥಿಯೆಂದರೆ ಗಂಗೆ. ಹಾಡು ಕಟ್ಟಿದವರು ಹುಡುಗಿಗೆ ಆಕೆ ಮುಂದೆ ಏನಾಗಲಿರುವಳೋ ಅದರ ಹೆಸರನ್ನೇ ಇಟ್ಟಿದ್ದಾರೆ. ಆಕೆ ನೀರಿನಲ್ಲಿ ಮುಳುಗಿದಳೆನ್ನುವುದಕ್ಕಿಂತ ನೀರಾದಳೆನ್ನುವುದೇ ಹಾಡಿನ ಭಾವಕ್ಕೆ ಹತ್ತಿರ. ಆ ಊರಿನವರು ಅಂದಿನಿಂದ ಕುಡಿದದ್ದು ಆಕೆಯನ್ನು.

ಇಲ್ಲಿ ನಾವು ಒಂದು ನಿಲುವನ್ನು ತೆಗೆದುಕೊಳ್ಳಲೇಬೇಕಾಗಿದೆ. ಈ ಹಾಡನ್ನು ತ್ಯಾಗದ ಸ್ತುತಿಯೆಂದು ಓದಿದವರುಂಟು. ಲೋಕಹಿತಕ್ಕಾಗಿ ಪ್ರಾಣ ಕೊಟ್ಟ ಸೊಸೆಯೆಂದು ಆಕೆಯನ್ನು ಕೊಂಡಾಡಿ, ಹೆಣ್ಣುಮಕ್ಕಳಿಗೆ ಆದರ್ಶವಾಗಿ ತೋರಿಸುವವರುಂಟು. ಆ ಓದು ಸರಿಯಲ್ಲವೆಂದು ನಾವು ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳುತ್ತೇವೆ. ಸ್ತುತಿಯೇ ಹಾಡಿನ ಗುರಿಯಾಗಿದ್ದರೆ ಅದು ಕೆರೆ ತುಂಬಿದಲ್ಲಿಗೆ ನಿಲ್ಲಬೇಕಾಗಿತ್ತು. ಅದು ನಿಲ್ಲುವುದಿಲ್ಲ. ದಂಡಿನಲ್ಲಿದ್ದ ಮಾದೇವರಾಯನಿಗೆ ಕೆಟ್ಟ ಕನಸು ಬೀಳುತ್ತದೆ. ಅವನು ಕುದುರೆಯೇರಿ ಮನೆಗೆ ಬರುತ್ತಾನೆ. ಹೆಂಡತಿ ಎಲ್ಲಿ ಎಂದು ಕೇಳುತ್ತಾನೆ. ಮನೆಯವರು ತವರಿಗೆ ಹೋಗಿದ್ದಾಳೆಂದು ಸುಳ್ಳು ಹೇಳುತ್ತಾರೆ. ತವರಿಗೆ ಹೋದರೆ ಅಲ್ಲಿಲ್ಲ. ಗೆಳತಿಯಿಂದ ನಿಜ ತಿಳಿಯುತ್ತದೆ. ಅವನು ಕೆರೆಯ ದಂಡೆಗೆ ಬಂದು ತಾನೂ ಹಾರುತ್ತಾನೆ. ಊರಿಗೆ ನೀರಾಯಿತು, ಮನೆ ಹಾಳಾಯಿತು. ತಾನು ಮಾಡಿದ್ದು ಧರ್ಮವೆಂದು ನಂಬಿದ ಮನೆಗೆ ಸುಳ್ಳು ಹೇಳುವ ಪ್ರಸಂಗ ಬರುವುದೇಕೆ? ಬಟ್ಟಲನ್ನು ಮರೆತಂತೆ ನಟಿಸುವ ಪ್ರಸಂಗ ಬರುವುದೇಕೆ? ಆರಿಸುವಾಗ ಕಿರಿಯವಳ ಮೇಲೆಯೇ ಬೆರಳು ಬೀಳುವುದೇಕೆ? ಹಾಡು ಇವೊಂದಕ್ಕೂ ಬಾಯಿಬಿಟ್ಟು ಉತ್ತರ ಹೇಳುವುದಿಲ್ಲ. ಪ್ರಶ್ನೆಗಳನ್ನು ಮಾತ್ರ ಒಂದೊಂದಾಗಿ ನಮ್ಮ ಮುಂದೆ ಇಟ್ಟು ಹೋಗುತ್ತದೆ. ಅದನ್ನು ಹಾಡುತ್ತ ಬಂದವರು ಬೀಸುವ ಕಲ್ಲಿನ ಮುಂದೆ ಕುಳಿತ ಸೊಸೆಯರೇ ಎಂಬುದನ್ನು ಮರೆಯಬಾರದು. ಅವರು ಹಾಡಿದ್ದು ಸ್ತುತಿಯಲ್ಲ, ಸಾಕ್ಷಿ.

ಈ ಸಾಕ್ಷಿಗಳು ಕೇವಲ ಗಾಳಿಗೆ ಹೋಗದಂತೆ ಕಾಯ್ದವರಿಗೆ ನಾಡು ಋಣಿಯಾಗಿರಬೇಕು. ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಆ ಗೆಳೆಯರಲ್ಲೊಬ್ಬರಾದ ಸಿಂಪಿ ಲಿಂಗಣ್ಣನವರು ಉತ್ತರ ಕರ್ನಾಟಕದ ಕಥೆಗಳನ್ನೂ ಕೂಡಿಸಿದರು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಿ. ಎಸ್. ಗದ್ದಗಿಮಠರು ಜನಪದಗೀತೆಗಳನ್ನು ಪಾಂಡಿತ್ಯದ ಅಭ್ಯಾಸಕ್ಕೆ ತಂದರು. ಬೀಸುಕಲ್ಲಿನ ಸದ್ದು ಮನೆಗಳಿಂದ ಮಾಯವಾಗುವುದಕ್ಕೆ ಮುಂಚೆ ಈ ಕೆಲಸ ನಡೆದದ್ದು ನಮ್ಮ ಪುಣ್ಯ.

ಇದೇ ಸೀಮೆಯಲ್ಲಿ ಸಿಕ್ಕ ಇನ್ನೊಂದು ಕಥೆಯನ್ನು ಹೇಳಿ ನಮ್ಮ ಲೆಕ್ಕವನ್ನು ಮುಗಿಸುತ್ತೇವೆ. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರು ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿದ ಕಥೆಗಳಲ್ಲಿ ಹೂವಿನ ಗಿಡವಾಗುವ ಹುಡುಗಿಯದು ಬಹು ಪ್ರಸಿದ್ಧವಾಗಿದೆ. ಬಡವಳ ಮಗಳೊಬ್ಬಳು ತನ್ನ ಅಕ್ಕನಿಗೆ ಎರಡು ಕೊಡ ನೀರು ತರಲು ಹೇಳುತ್ತಾಳೆ. ಒಂದು ಕೊಡವನ್ನು ಉಗುರು ತಾಗದಂತೆ ಮೈಮೇಲೆ ಸುರಿದರೆ ಆಕೆ ಹೂ ಬಿಟ್ಟ ಗಿಡವಾಗುವಳು. ಟೊಂಗೆ ಮುರಿಯದಂತೆ, ಎಲೆ ಹರಿಯದಂತೆ, ಬೇಕಾದಷ್ಟೇ ಹೂ ಬಿಡಿಸಿಕೊಳ್ಳಬೇಕು. ಎರಡನೆಯ ಕೊಡ ಸುರಿದರೆ ಮತ್ತೆ ಹುಡುಗಿಯಾಗುವಳು. ಆ ಹೂ ಮಾರಿ ಅವರು ಬದುಕುತ್ತಿದ್ದರು. ಅರಸುಮಗನು ಆಕೆಯನ್ನು ಮದುವೆಯಾದನು. ಅವನ ತಂಗಿ ಆಟಕ್ಕೆಂದು ಗೆಳತಿಯರೊಡನೆ ಆಕೆಯನ್ನು ಗಿಡವಾಗಲು ಬಲವಂತಪಡಿಸಿದಳು. ಅವರು ಉಗುರು ತಾಗಿಸಿ ನೀರು ಹಾಕಿದರು, ಟೊಂಗೆಗಳನ್ನು ಮುರಿದು ಹೂ ಕಿತ್ತರು, ಎರಡನೆಯ ಕೊಡವನ್ನು ಅರ್ಧ ಸುರಿದು ಓಡಿದರು. ಹುಡುಗಿಯು ಕೈಕಾಲುಗಳಿಲ್ಲದ ಮೈಯಾಗಿ ಉಳಿದಳು. ಬಹುಕಾಲದ ಮೇಲೆ ಗಂಡನು ಗುರುತು ಹಿಡಿದು, ಆಕೆ ಹೇಳಿದಂತೆ ಮತ್ತೆ ಗಿಡವಾಗಿಸಿ, ಮುರಿದ ಟೊಂಗೆಯೊಂದೊಂದನ್ನೂ ಅದರದರ ಸ್ಥಾನಕ್ಕೆ ಎತ್ತಿ ಕೂಡಿಸಿ, ನೀರು ಸುರಿದನು. ಆಕೆ ಇಡಿಯಾಗಿ ಎದ್ದುಬಂದಳು.

ರಾಮಾನುಜನ್ನರು 1993ರಲ್ಲಿ ತೀರಿಕೊಂಡ ಮೇಲೆ, 1997ರಲ್ಲಿ ಹೊರಬಂದ ಅವರ ಕಥಾಸಂಗ್ರಹಕ್ಕೆ ಈ ಕಥೆಯ ಹೆಸರನ್ನೇ ಇಡಲಾಯಿತು. ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂಬ ಚಲನಚಿತ್ರವಾಗಿಸಿದರು. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಎಂಬ ಸಂಗೀತಗಾರರು ಇದನ್ನು ಗೀತನಾಟಕವಾಗಿ ವಿಯೆನ್ನಾ ನಗರದಲ್ಲಿ ಪ್ರಯೋಗಿಸಿದರು. ಕನ್ನಡದ ಹೆಂಗಸರು ಅಡಿಗೆಮನೆಯಲ್ಲಿ ಹೇಳುತ್ತಿದ್ದ ಕಥೆ ಹೀಗೆ ಭೂಮಿಯ ಅರ್ಧ ಸುತ್ತು ಹೋಗಿಬಂದಿತು. ಗ್ರೀಕರ ಪುರಾಣದಲ್ಲಿಯೂ ಬೆನ್ನಟ್ಟಿ ಬಂದ ದೇವರಿಂದ ತಪ್ಪಿಸಿಕೊಳ್ಳಲು ಮರವಾದ ದಾಫ್ನೆಯೆಂಬ ಹುಡುಗಿ ಇದ್ದಾಳೆ. ಆದರೆ ಅವಳು ಮರವಾಗಿಯೇ ಉಳಿದಳು. ನಮ್ಮ ಹುಡುಗಿ ಮರಳಿ ಬರುತ್ತಾಳೆ. ಅದಕ್ಕೊಂದು ನಿಯಮವಿದೆ: ಮುರಿದದ್ದನ್ನು ಮುರಿದವರ ಕಡೆಯವರೇ ಕೂಡಿಸಬೇಕು, ಎರಡನೆಯ ಕೊಡವನ್ನು ಪೂರ್ತಿಯಾಗಿ ಸುರಿಯಬೇಕು.

ಈಗ ಮಾಳಮಡ್ಡಿಯ ಪಡಸಾಲೆಗೆ ಹಿಂದಿರುಗೋಣ. ಇಂದು ಧಾರವಾಡದ ನಲ್ಲಿಗಳಿಗೆ ನೀರು ಬರುವುದು ಸವದತ್ತಿಯ ಬಳಿ ಕಟ್ಟಿದ ಅಣೆಕಟ್ಟಿನ ಜಲಾಶಯದಿಂದ. ಆ ಜಲಾಶಯದ ಹೆಸರು ರೇಣುಕಾಸಾಗರ. ಒಂದು ಕೊಡ ನೀರು ತಪ್ಪಿದ್ದಕ್ಕೆ ತಲೆ ಕಳೆದುಕೊಂಡ ತಾಯಿಯ ಹೆಸರಿನಿಂದ ಅವಳಿ ನಗರಗಳ ಕೊಡಗಳು ತುಂಬುತ್ತಿವೆ. ಹೆಸರಿಟ್ಟವರು ಇಷ್ಟೆಲ್ಲ ಯೋಚಿಸಿ ಇಟ್ಟರೋ ಇಲ್ಲವೋ, ಕಥೆ ಮಾತ್ರ ತನ್ನ ಲೆಕ್ಕವನ್ನು ಮರೆತಿಲ್ಲ. ಅಣೆಕಟ್ಟಾಗಲಿ, ಕೆರೆಯಾಗಲಿ, ನೀರು ಎಲ್ಲಿ ನಿಂತಿದೆಯೋ ಅಲ್ಲಿ ಯಾರದೋ ಹೊಲ, ಯಾರದೋ ಮನೆ, ಯಾರದೋ ದುಡಿಮೆ ಕೆಳಗೆ ಇದ್ದೇ ಇರುತ್ತದೆ. ನಲ್ಲಿ ತಿರುಗಿಸುವ ಕೈಗೆ ಅದು ಕಾಣುವುದಿಲ್ಲ. ಕಾಣಿಸುವುದು ಕಥೆಯ ಕೆಲಸ.

ಆದುದರಿಂದ ಮಳೆಯಾದವರ, ಸಿಡಿಲಾದವರ ಕಥೆಗಳನ್ನು ಮಕ್ಕಳಿಗೆ ಹೇಳಿರಿ. ಗುಡುಗಿದಾಗ ಅವರನ್ನು ಮೊದಲು ಒಳಗೆ ಕರೆದುಕೊಳ್ಳಿರಿ, ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸುವುದನ್ನು ಕಲಿಸಿರಿ. ಆಮೇಲೆ ಅರ್ಜುನನ ಹೆಸರನ್ನೂ ಹೇಳಿಸಿರಿ. ಭಾಗೀರಥಿಯ ಹಾಡನ್ನು ಹೇಳುವಾಗ ಕೆರೆ ತುಂಬಿದಲ್ಲಿಗೆ ನಿಲ್ಲಿಸದೆ ಕುದುರೆಯ ಸದ್ದು ಕೇಳುವವರೆಗೂ ಹೇಳಿರಿ. ಆ ಬಟ್ಟಲನ್ನು ಮರೆತದ್ದು ನಿಜವೇ ಎಂದು ಮಗುವೊಂದು ಕೇಳಿದರೆ ಗದರಿಸಬೇಡಿರಿ. ಹಾಡು ಇಷ್ಟು ಕಾಲ ಕಾದುಕೊಂಡು ಬಂದದ್ದು ಆ ಪ್ರಶ್ನೆಗಾಗಿಯೇ.